ಪದವು ಬಂತು, ಸುರಂಗ ಬರಲಿಲ್ಲ

14 ಜುಲೈ 2024, ಭಾನುವಾರ
ಪೆರ್ಲ, ಕಾಸರಗೋಡು

ಬೆಳಗಿನಿಂದ ಬಿಡದ ಮಳೆ. ಕರೆಂಟು ಬಂದು ಹೋಗಿ ಆಟ ಆಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದಷ್ಟು ಹೊತ್ತು ಬ್ಲೆಂಡರ್ ಎಂಬ 3ಡಿ ಚಿತ್ರ ಮಾಡುವ ತಂತ್ರಾಂಶದಲ್ಲಿ ನಮ್ಮ ಗುಡ್ಡ ಕಟ್ಟುತ್ತಾ ಕೂತೆ.

ಮೊದಲನೆಯದು ಐದು ನಿಮಿಷದ ಗುಡ್ಡ. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ನಾಯ್ಸನ್ನು, ಅಂದರೆ ಲೆಕ್ಕದಿಂದ ಹುಟ್ಟಿಸುವ ನುಣುಪಾದ ಅಡ್ಡಾದಿಡ್ಡಿ ಏರಿಳಿತವನ್ನು, ಎಂಟು ಪದರ ಪೇರಿಸಿದೆ. ಪದರದಿಂದ ಪದರಕ್ಕೆ ಏರಿಳಿತ ಇಮ್ಮಡಿ ಒತ್ತೊತ್ತು, ಎತ್ತರ ಅರ್ಧ. ಕಾಫಿ ತಂದ ಅಮ್ಮ ನೋಡಿ, "ಬದರಿಗೆ ಹೋದಾಗ ಇಂಥದ್ದೇ ಕಂಡದ್ದಲ್ವಾ" ಅಂದರು. ಅಳಿಸಿದೆ.

ನಮ್ಮದು ಪದವು. ನೆತ್ತಿ ಚಪ್ಪಟೆ, ಅಂಚಿನಲ್ಲಿ ಧುತ್ತನೆ ಇಳಿಜಾರು, ಬುಡದಲ್ಲಿ ತೋಟ, ತೋಡು. ಒಂದು ಎತ್ತರಕ್ಕಿಂತ ಮೇಲಿನದನ್ನೆಲ್ಲ ಕತ್ತರಿಸಿದರೆ ಮಣೆ ಇಟ್ಟ ಹಾಗೆ ಕಂಡಿತು. ಆಮೇಲೆ ಹೊಳೆಯಿತು: ಮೇಲಿನ ಮುರಕಲ್ಲು ಗಟ್ಟಿ, ಅಡಿಯ ಜೇಡಿ ಮೆತ್ತಗೆ. ಗಟ್ಟಿತನಕ್ಕೇ ಬೇರೆ ನಕ್ಷೆ ಕೊಟ್ಟು ಒಂದು ಲಕ್ಷ ಹನಿ ಸುರಿಸಿದೆ. ಪ್ರತಿ ಹನಿಯೂ ಇಳಿಜಾರು ಹುಡುಕಿ ಓಡುತ್ತದೆ, ವೇಗವಿದ್ದಲ್ಲಿ ಮಣ್ಣು ಕೊರೆಯುತ್ತದೆ, ನಿಧಾನವಾದಲ್ಲಿ ಹಾಕಿ ಹೋಗುತ್ತದೆ. ನೆತ್ತಿ ಹಾಗೇ ಉಳಿದು ಅಂಚು ಸವೆಯಿತು. ಪದವೇ!

ಇನ್ನು ಸುರಂಗ. ಮನೆಯ ಹಿಂದೆ ಅಜ್ಜ ನೀರಿಗಾಗಿ ಪಿಕಾಸಿ ಹಿಡಿದು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದದ್ದು. ಒಬ್ಬ ಆಳು ಹೋಗುವಷ್ಟೇ ಅಗಲ. ಒಳಗೆ ಮೇಣದಬತ್ತಿ ನಂದಿದರೆ ಗಾಳಿ ಸಾಲದು ಅಂತ ಹೊರಗೆ ಬರುತ್ತಿದ್ದರಂತೆ. ಆದರೆ ನಾನು ಗುಡ್ಡ ಕಟ್ಟಿದ್ದು ಎತ್ತರದ ನಕ್ಷೆಯಲ್ಲಿ, ಅದರಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರ. ಸುರಂಗ ಇರುವಲ್ಲಿ ಮೂರು ಬೇಕು: ಸುರಂಗದ ನೆಲ, ಅದರ ಮಾಡು, ಮೇಲಿನ ಗುಡ್ಡ. 2000ದಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರಿನಿಂದ ಅಳೆದ ಭೂಮಿಯ ಎತ್ತರಗಳೂ ಹೀಗೆಯೇ, 30 ಮೀಟರಿಗೊಂದು ಅಂಕಿ. ಅಜ್ಜನ ಸುರಂಗ ಅದಕ್ಕೆಲ್ಲಿ ಕಂಡೀತು?

ವಾಕ್ಸೆಲ್ ಮಾಡಬಹುದು, ಗುಡ್ಡವನ್ನೇ ಸಣ್ಣ ಸಣ್ಣ ಘನಗಳಾಗಿ. ಲೆಕ್ಕ ಹಾಕಿದೆ. ಒಂದು ಕಿಲೋಮೀಟರ್ ಚೌಕಕ್ಕೆ ಅರ್ಧ ಮೀಟರಿಗೊಂದರಂತೆ ನಕ್ಷೆಯಲ್ಲಾದರೆ 40 ಲಕ್ಷ ಅಂಕಿ. ನೂರು ಮೀಟರ್ ಎತ್ತರದ ಘನಗಳಾದರೆ 80 ಕೋಟಿ. ಈ ಲ್ಯಾಪ್‌ಟಾಪಿಗೆ ಅದು ಹೊರಲಾರದ ಹೊರೆ. ಕೊನೆಗೆ ಕಳ್ಳದಾರಿ ಹಿಡಿದೆ: ಗುಡ್ಡದ ಮೈಯಲ್ಲಿ ತೂತು ಮಾಡಿ ಬೇರೆಯೇ ಒಂದು ಕೊಳವೆ ಅಂಟಿಸಿ, ಬೆಸುಗೆ ಕಾಣದ ಹಾಗೆ ಬಾಯಿಗೆ ಜರಿಗಿಡ ನೆಟ್ಟೆ.

ಮತ್ತೆ ಹನಿ ಸುರಿಸಿದೆ. ಎಲ್ಲವೂ ನೆಲದ ಮೇಲೆಯೇ ಹರಿದು ತೋಡಿಗೆ ಹೋದವು. ಇಂಗುವುದನ್ನು ನಾನು ಬರೆದೇ ಇಲ್ಲವಲ್ಲ! ನನ್ನ ಸುರಂಗ ಒಣ ಒಣ. ಹಿತ್ತಿಲಲ್ಲಿ ಅಜ್ಜನ ಸುರಂಗದ ನೀರು ಅಡಕೆ ಮರ ಸೀಳಿ ಮಾಡಿದ ದಂಬೆ ತುಂಬಿ ಟಾಂಕಿಗೆ ಬೀಳುವ ಸದ್ದು ಇಲ್ಲಿಗೂ ಕೇಳುತ್ತಿದೆ. ಚಾರ್ಜ್ 4 ಶೇಕಡಾ.