ಬೀದಿ ದೀಪದ ಸುತ್ತ

ನಿನ್ನೆ ಊಟ ಮುಗಿಸಿ ಗಾಳಿಗೆ ಅಂತ ಮಾಳಿಗೆ ಮೇಲೆ ಹೋಗಿದ್ದೆ. ಬೀದಿ ದೀಪದ ಸುತ್ತ ಹುಳಗಳ ಜಾತ್ರೆ. ನಡುವೆ ಒಂದು ಪುಟ್ಟ ಬಾವಲಿ. ಸರ್ರನೆ ಬರುವುದು, ಗಕ್ಕನೆ ತಿರುಗುವುದು, ಹುಳ ಮಾಯ! ಒಂಚೂರೂ ಸದ್ದಿಲ್ಲ.

ಸದ್ದಿಲ್ಲ ಅಂದುಕೊಳ್ಳುವವರು ನಾವು. ಅದು ಕೂಗುತ್ತಲೇ ಇರುತ್ತದೆ. ನಮ್ಮ ಕಿವಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಾವಿರ ಸಲ ಕಂಪಿಸುವ ಸದ್ದಿನ ತನಕ ಕೇಳುತ್ತದೆ, ಅದರ ಕೂಗು ಅದಕ್ಕೂ ಮೇಲಿನದು. ಆ ಕೂಗು ಹುಳಕ್ಕೆ ಬಡಿದು ವಾಪಸ್ ಬಂದರೆ ಸಾಕು. ಹುಳ ಎಷ್ಟು ದೂರದಲ್ಲಿದೆ, ಯಾವ ಕಡೆ ಹೊರಟಿದೆ, ಎಲ್ಲ ಗೊತ್ತಾಗಿಬಿಡುತ್ತದೆ. ಹತ್ತಿರ ಬಂದಷ್ಟೂ ಕೂಗು ಜಾಸ್ತಿ. ಹಿಡಿಯುವ ಗಳಿಗೆಯಲ್ಲಿ ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ!

ವಿಜಯಪುರದ ನಾವು ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಬೆಳೆದವರು. ಸದ್ದು ಮರಳಿ ಬಂದರೆ ಖುಷಿಪಟ್ಟು, ಇನ್ನೊಂದು ಸಲ ತಟ್ಟಿ ಮನೆಗೆ ಬರುತ್ತಿದ್ದೆವು. ಈ ಅಂಗೈಯಷ್ಟು ಜೀವ ಅದೇ ಮರಳಿ ಬಂದ ಸದ್ದಿನಿಂದ ಹೊಟ್ಟೆ ತುಂಬಿಸಿಕೊಳ್ಳುತ್ತದೆ ಅಲ್ವಾ? ನೆನೆದರೆ ಮೈ ಜುಮ್ ಅನ್ನುತ್ತದೆ.

"ಬಾವಲಿಗೆ ಕಣ್ಣು ಕಾಣಂಗಿಲ್ಲ" ಅಂತ ಅವ್ವ ಹೇಳುತ್ತಿದ್ದಳು. ನಾನೂ ನಂಬಿದ್ದೆ. ಆದರೆ ಕಾಣುತ್ತದೆ. ಹಣ್ಣು ತಿನ್ನುವ ನಮ್ಮ ಕಡೆಯ ಬಾವಲಿಗಳಂತೂ ಕತ್ತಲಲ್ಲಿ ದೊಡ್ಡ ಕಣ್ಣು, ಚುರುಕು ಮೂಗು ನೆಚ್ಚಿಕೊಂಡೇ ಊಟ ಹುಡುಕುತ್ತವೆ.

ಬೆಳಿಗ್ಗೆ ನಮ್ಮ ಪೇರಲ ಗಿಡದ ಕೆಳಗೆ ರಸ ಹೀರಿ ಉಗುಳಿದ ಚರಟ ಬಿದ್ದಿತ್ತು. ಮೇಲೆ ನೋಡಿದೆ. ಚೆನ್ನಾಗಿ ಮಾಗಿದ್ದ ಹಣ್ಣೇ ಹೋಗಿತ್ತು. ಅದರ ಪಕ್ಕದ ದೋರುಗಾಯಿ ಮುಟ್ಟಿರಲಿಲ್ಲ.