ಕುದಿಯುವ ನೀರಿನ ಗುಳ್ಳೆ ಮತ್ತು ನಾಲ್ಕು ದೇಶಗಳ ಮೇಷ್ಟರು: ಯೋಜನೆ ಎಲ್ಲಿಗೆ ಬಂತು?

ಕಳೆದ ವರದಿಯ ಹೊತ್ತಿಗೆ ನಮ್ಮ ಬಳಿ ಇದ್ದದ್ದು ಹುರುಪು ಮಾತ್ರ. ಬೇರೆ ಬೇರೆ ದೇಶಗಳಲ್ಲಿ ರಸಾಯನಶಾಸ್ತ್ರ ಕಲಿಸುವ ನಾಲ್ವರು ಸೇರಿ, ದ್ರವ್ಯದ ಕಣಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳು ಏನೆಂದುಕೊಂಡಿದ್ದಾರೆ ಎಂಬುದನ್ನು ಒಂದೇ ಪ್ರಶ್ನೆಪತ್ರಿಕೆಯಿಂದ ತಿಳಿಯುವುದೆಂದು ಮಾತಾಗಿತ್ತು. ಈಗ ಪ್ರಶ್ನೆಪತ್ರಿಕೆ ಸಿದ್ಧವಾಗಿದೆ, ಪ್ರಾಯೋಗಿಕ ಸುತ್ತಿನ ಉತ್ತರಗಳೂ ಕೈ ಸೇರಿವೆ. ಬೆನ್ನಿಗೇ ತಕರಾರುಗಳೂ ಬಂದಿವೆ. ಈ ಸಲದ ವರದಿಯಲ್ಲಿ ದೊಡ್ಡ ಪಾಲು ಅವುಗಳದ್ದೇ.

ಪ್ರಶ್ನೆಗಳ ರೂಪದ ಬಗ್ಗೆ ಮಾತ್ರ ಯಾರೂ ತಕರಾರು ಎತ್ತಲಿಲ್ಲ. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ವಿವರಿಸಿದ ಎರಡು ಹಂತದ ಪರೀಕ್ಷೆಯನ್ನೇ ಹಿಡಿದೆವು. ಮೊದಲ ಹಂತದಲ್ಲಿ ಉತ್ತರ, ಎರಡನೆಯದರಲ್ಲಿ ಆ ಉತ್ತರಕ್ಕೆ ಕಾರಣ. ಸರಿಯುತ್ತರಕ್ಕೆ ಗುರುತು ಹಾಕಿ ತಪ್ಪು ಕಾರಣ ಕೊಡುವ ಮಕ್ಕಳು ಸಾಮಾನ್ಯ ಪರೀಕ್ಷೆಯಲ್ಲಿ ಕಣ್ತಪ್ಪಿಸಿಕೊಂಡು ಹೋಗುತ್ತಾರೆ, ಇಲ್ಲಿ ಸಿಕ್ಕಿಬೀಳುತ್ತಾರೆ. ನಾವು ಎರಡನೆಯ ಹಂತಕ್ಕೆ ಒಂದು ಖಾಲಿ ಚೌಕವನ್ನೂ ಸೇರಿಸಿ, ಕಣಗಳ ಚಿತ್ರ ಬರೆಯಲು ಹೇಳಿದೆವು. ತಲೆನೋವು ಶುರುವಾದದ್ದು ಆ ಚೌಕದಿಂದ.

ಅದಕ್ಕೂ ಮುಂಚೆ ಪ್ರಶ್ನೆಪತ್ರಿಕೆಯಿಂದ ಏನೇನನ್ನು ತೆಗೆದುಹಾಕಬೇಕಾಯಿತು ಎಂಬುದನ್ನು ಬರೆಯಬೇಕು. ಅನಿಲಗಳ ಮೇಲೆ ಒಂದು ಲೆಕ್ಕ ಇತ್ತು: ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಏಕಮಾನ) ಅನಿಲದ ಗಾತ್ರ. ಒಬ್ಬರ ಪಠ್ಯಪುಸ್ತಕದಲ್ಲಿ 22.4 ಲೀಟರ್, ಇನ್ನೊಬ್ಬರದರಲ್ಲಿ 22.7, ಮತ್ತೊಬ್ಬರದರಲ್ಲಿ 24. ಮೂರೂ ಸರಿಯೇ. ಶೂನ್ಯ ಡಿಗ್ರಿ ಸೆಲ್ಸಿಯಸ್ ಮತ್ತು 101.325 ಕಿಲೋಪ್ಯಾಸ್ಕಲ್ ಒತ್ತಡಕ್ಕೆ ಮೊದಲನೆಯದು. 1982ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟವಾದ ಐಯುಪಿಎಸಿ ಪ್ರಮಾಣ ಒತ್ತಡವನ್ನು 100 ಕಿಲೋಪ್ಯಾಸ್ಕಲ್‌ಗೆ ಇಳಿಸಿತು. ಆ ಲೆಕ್ಕದಲ್ಲಿ ಅದೇ ತಾಪಮಾನಕ್ಕೆ 22.7 ಬರುತ್ತದೆ. 24 ಎಂಬುದು ಕೋಣೆಯ ತಾಪಮಾನದ್ದು. ನಾಲ್ಕು ದಶಕ ಕಳೆದರೂ ಹಳೆಯ ಅಂಕಿ ಪುಸ್ತಕಗಳಿಂದ ಕದಲಿಲ್ಲ. ಮೂರೂ ಅಂಕಿಗಳನ್ನು ಪಟ್ಟಿ ಮಾಡಿ ಕೊಡೋಣ ಎಂದು ಒಬ್ಬರು ಸೂಚಿಸಿದರು. ಹಾಗೆ ಮಾಡಿದರೆ ನಾವು ಅಳೆಯುವುದು ಮಕ್ಕಳ ತಿಳಿವಳಿಕೆಯನ್ನಲ್ಲ, ಅವರ ಪಠ್ಯಪುಸ್ತಕದ ವಯಸ್ಸನ್ನು. ಪ್ರಶ್ನೆಯನ್ನೇ ಕಿತ್ತುಹಾಕಿದೆವು.

‘100 ಡಿಗ್ರಿಯಲ್ಲಿ ಕುದಿಯುತ್ತಿರುವ ನೀರು’ ಎಂಬ ಮಾತಿಗೂ ಅದೇ ಗತಿಯಾಯಿತು. ಸಮುದ್ರಮಟ್ಟದಿಂದ 1500 ಮೀಟರ್ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಅಂಥ ಎತ್ತರದ ತರಗತಿಯಲ್ಲಿ ಥರ್ಮಾಮೀಟರ್ ಹಿಡಿದು ನೋಡಿದ ಹುಡುಗಿಯೊಬ್ಬಳು ಪ್ರಶ್ನೆಯೇ ತಪ್ಪು ಎಂದು ಪಟ್ಟು ಹಿಡಿದರೆ ಅವಳ ಮಾತಿನಲ್ಲಿ ನ್ಯಾಯವಿದೆ.

ಕ್ಯಾಲೆಂಡರಿನ ಸಮಸ್ಯೆ ಇನ್ನೂ ಇದೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಜೊತೆಗಾರರ ಶಾಲಾ ವರ್ಷ ಜನವರಿ–ಫೆಬ್ರುವರಿಯಲ್ಲಿ ಆರಂಭವಾಗುತ್ತದೆ, ಉತ್ತರದವರದು ಸೆಪ್ಟೆಂಬರಿನಲ್ಲಿ. ಒಂದೇ ತಿಂಗಳಲ್ಲಿ ಪರೀಕ್ಷೆ ಕೊಟ್ಟರೆ ಒಂದು ಕಡೆ ಪಾಠ ಮುಗಿದಿರುತ್ತದೆ, ಇನ್ನೊಂದು ಕಡೆ ಶುರುವೇ ಆಗಿರುವುದಿಲ್ಲ. ತಿಂಗಳನ್ನು ಬಿಟ್ಟು, ಘಟಕ ಮುಗಿದ ಬಳಿಕದ ವಾರವನ್ನು ಹಿಡಿದುಕೊಂಡಿದ್ದೇವೆ. ಪೋಷಕರ ಒಪ್ಪಿಗೆ ಪತ್ರ, ಹೆಸರು ತೆಗೆದು ಸಂಕೇತ ಕೊಡುವ ಕೆಲಸ ಎಲ್ಲ ಆಗಿದೆ. ಅದರ ಬಗ್ಗೆ ಬರೆಯಲು ನನಗೂ ಬೇಸರ, ಓದಲು ನಿಮಗೂ ಬೇಸರ.

ಈಗ ಚೌಕದ ವಿಷಯ. ಪ್ರಶ್ನೆ ಹಳೆಯದು; ನ್ಯೂಜಿಲೆಂಡಿನ ರೋಜರ್ ಆಸ್ಬರ್ನ್ ಮತ್ತು ಮಾರ್ಕ್ ಕಾಸ್ಗ್ರೋವ್ 1983ರಲ್ಲೇ ಮಕ್ಕಳ ಮುಂದೆ ನೀರು ಕುದಿಸಿ ಕೇಳಿದ್ದು: ಈ ದೊಡ್ಡ ಗುಳ್ಳೆಗಳೊಳಗೆ ಏನಿದೆ? ಗಾಳಿ ಎಂದರು, ಶಾಖ ಎಂದರು, ಹೈಡ್ರೋಜನ್ ಮತ್ತು ಆಕ್ಸಿಜನ್ ಎಂದರು. ನೀರಾವಿ ಎಂದವರೂ ಇದ್ದರು. ನಮ್ಮ ಪ್ರಾಯೋಗಿಕ ಸುತ್ತಿನಲ್ಲಿ ಆ ಉತ್ತರಗಳು ಒಂದೂ ಬಿಡದೆ ಹಾಜರಾಗಿವೆ, ನಾಲ್ಕೂ ದೇಶಗಳಿಂದ.

ಒಂದು ಉತ್ತರಪತ್ರಿಕೆ ಈಗಲೂ ನನ್ನ ಮೇಜಿನ ಮೇಲಿದೆ. ಮೊದಲ ಹಂತದಲ್ಲಿ ‘ನೀರಾವಿ’ ಎಂದು ಸರಿಯಾದ ಗುರುತು. ಕೆಳಗಿನ ಚೌಕದಲ್ಲಿ ನೀಟಾಗಿ ಬಿಡಿಸಿದ ಗುಳ್ಳೆ. ಅದರೊಳಗೆ ಜೋಡಿ ಜೋಡಿಯಾಗಿ ಪುಟ್ಟ ಬಿಳಿ ವೃತ್ತಗಳು, ಅವುಗಳಿಂದ ದೂರದಲ್ಲಿ ಕಪ್ಪು ತುಂಬಿದ ದೊಡ್ಡ ವೃತ್ತಗಳ ಜೋಡಿಗಳು. ಅಂದರೆ ನೀರಿನ ಅಣುಗಳು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿವೆ. ಪಕ್ಕದಲ್ಲಿ ಒಂದು ಸಮೀಕರಣ, ಎರಡೂ ಬದಿಯ ಪರಮಾಣುಗಳ ಲೆಕ್ಕ ಸರಿದೂಗಿಸಿದ್ದು. ಒಬ್ಬ ಸಹೋದ್ಯೋಗಿ ಇದನ್ನು ‘ಭಾಗಶಃ ಸರಿ’ ಎಂದು ಗುರುತಿಸಿದರು: ಸೂತ್ರ ಗೊತ್ತಿದೆ, ಸಮೀಕರಣ ಗೊತ್ತಿದೆ, ಇನ್ನೇನು ಬೇಕು? ನಾನು ‘ತಪ್ಪುಗ್ರಹಿಕೆ’ ಎಂದೆ. ನೀರು ಆವಿಯಾಗುವಾಗ ಅಣುಗಳು ಒಂದರಿಂದೊಂದು ದೂರ ಸರಿಯುತ್ತವೆ, ಒಡೆಯುವುದಿಲ್ಲ. ಒಂದು ಮೋಲ್ ನೀರನ್ನು ಆವಿಯಾಗಿಸಲು ಬೇಕಾದದ್ದು ಸುಮಾರು 41 ಕಿಲೋಜೌಲ್. ಅದರ ಅಣುಗಳ ಎಲ್ಲ ಬಂಧಗಳನ್ನು ಒಡೆಯಲು 900ಕ್ಕೂ ಹೆಚ್ಚು. ಒಲೆಯ ಮೇಲಿನ ಪಾತ್ರೆಯಲ್ಲಿ ಅಷ್ಟೆಲ್ಲ ನಡೆಯುತ್ತದೆ ಎಂದು ನಂಬಿದ ಮಗುವಿಗೆ ಅರ್ಧ ಅಂಕ ಕೊಟ್ಟು ಕಳಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಇಂಥ ಭಿನ್ನಾಭಿಪ್ರಾಯ ಎಷ್ಟಿದೆ ಎಂದು ನೋಡಲು ಕೊಹೆನ್ ಕಪ್ಪಾ ಲೆಕ್ಕ ಹಾಕಿದೆವು. ಇಬ್ಬರು ಮೌಲ್ಯಮಾಪಕರ ಒಮ್ಮತದಲ್ಲಿ ಆಕಸ್ಮಿಕದ ಪಾಲನ್ನು ಕಳೆದು ಹೇಳುವ ಅಂಕಿ ಅದು. 1 ಬಂದರೆ ಪೂರ್ಣ ಒಮ್ಮತ, 0 ಬಂದರೆ ನಾಣ್ಯ ಚಿಮ್ಮಿದಷ್ಟೇ ಬೆಲೆ. ಬರೆದ ಉತ್ತರಗಳಲ್ಲಿ ನಾವು ಮರ್ಯಾದೆ ಉಳಿಸಿಕೊಂಡಿದ್ದೇವೆ, ಚಿತ್ರಗಳಲ್ಲಿ ಇಲ್ಲ.

ದಾರಿ ಸಿಕ್ಕಿದ್ದು ರಸಾಯನಶಾಸ್ತ್ರ ಬೋಧನೆಯ ಸಂಶೋಧಕ, ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟನ್ ಅವರ ತ್ರಿಕೋನದಿಂದ. ಅದರ ಮೂರು ಮೂಲೆಗಳು: ಕಣ್ಣಿಗೆ ಕಾಣುವ ಮಟ್ಟ, ಕಣಗಳ ಮಟ್ಟ, ಸಂಕೇತಗಳ ಮಟ್ಟ. ಬಲ್ಲವರು ಈ ಮೂರರ ನಡುವೆ ಸಲೀಸಾಗಿ ಜಿಗಿಯುತ್ತಾರೆ, ಕಲಿಯುವವರು ಅಲ್ಲೇ ಎಡವುತ್ತಾರೆ ಎಂದವರು ಅವರು. ಇನ್ನು ಮುಂದೆ ಪ್ರತಿ ಚಿತ್ರಕ್ಕೂ ಒಂದೇ ಅಂಕದ ಬದಲು ಮೂರು ಪ್ರತ್ಯೇಕ ಗುರುತುಗಳು. ನನ್ನ ಮೇಜಿನ ಮೇಲಿನ ಪತ್ರಿಕೆಗೆ ಕಾಣುವ ಮಟ್ಟದಲ್ಲಿ ಸರಿ, ಕಣದಲ್ಲಿ ತಪ್ಪು. ಸಂಕೇತದಲ್ಲಿ, ಸಮೀಕರಣ ಸರಿದೂಗಿದೆ, ಆದರೆ ಈ ಸಂದರ್ಭದ್ದಲ್ಲ. ಇಬ್ಬರೂ ಒಪ್ಪಿದೆವು. ನಿಜ ಹೇಳಬೇಕೆಂದರೆ, ನಾಲ್ಕು ದೇಶಗಳ ಮಕ್ಕಳ ಬಗ್ಗೆ ಕಲಿತದ್ದಕ್ಕಿಂತ ನಾಲ್ವರು ಮೇಷ್ಟರು ‘ಅರ್ಥವಾಗಿದೆ’ ಎಂದು ಯಾವುದನ್ನು ಕರೆಯುತ್ತಾರೆ ಎಂಬುದರ ಬಗ್ಗೆ ಈ ಸುತ್ತಿನಲ್ಲಿ ಹೆಚ್ಚು ಕಲಿತೆವು.

ಸರಾಸರಿ ಅಂಕಗಳ ಪ್ರಕಾರ ದೇಶಗಳ ಕೋಷ್ಟಕ ಹಾಕಬೇಕೆಂಬ ಒತ್ತಾಯವೂ ಬಂತು. ಬೇಡವೆಂದೆ. ಆ ಕೆಲಸಕ್ಕೆ 2000ದಿಂದ ಹದಿನೈದರ ಹರೆಯದ ಮಕ್ಕಳ ಅಂತರರಾಷ್ಟ್ರೀಯ ಪರೀಕ್ಷೆಯಾದ ಪಿಸಾ ಇದೆ, ಅದಕ್ಕೆ ತಕ್ಕ ಮಾದರಿ ಆಯ್ಕೆಯೂ ಅವರಲ್ಲಿದೆ. ಕೈಗೆ ಸಿಕ್ಕ ಕೆಲವು ತರಗತಿಗಳನ್ನು ಇಟ್ಟುಕೊಂಡು ಒಂದು ದೇಶದ ಹಣೆಬರಹ ಬರೆಯುವುದು ಸಂಶೋಧನೆಯಲ್ಲ.

ಮುಂದಿನ ಸುತ್ತಿಗೆ ಒಂದು ಪ್ರಯೋಗ ಸೇರಿದೆ. ಬೀಕರಿನ ನೀರಿನಲ್ಲಿ ಆಲಿಕೆಯನ್ನು ಬೋರಲು ಹಾಕಿ, ಅದರ ಕೊಳವೆಯ ಮೇಲೆ ನೀರು ತುಂಬಿದ ಪ್ರನಾಳವನ್ನು ಕವುಚಿ ಕುದಿಸುವುದು. ಗುಳ್ಳೆಗಳು ಪ್ರನಾಳವನ್ನು ಸೇರಿ ನೀರನ್ನು ಕೆಳಗೆ ತಳ್ಳುತ್ತವೆ. ಉರಿ ಆರಿಸಿದೊಡನೆ ಆವಿ ದ್ರವಿಸಿ ನೀರು ಮತ್ತೆ ಮೇಲೇರುತ್ತದೆ. ಗಾಳಿಯಾಗಿದ್ದರೆ ಜಾಗ ಬಿಟ್ಟುಕೊಡುತ್ತಿರಲಿಲ್ಲ. ಒಂದು ಎಚ್ಚರಿಕೆ: ಬಿಸಿಯೇರುವಾಗ ಮೊದಲು ಏಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯೇ. ಆದ್ದರಿಂದ ನೀರನ್ನು ಮುಂಚೆಯೇ ಚೆನ್ನಾಗಿ ಕುದಿಸಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಪ್ರನಾಳದ ತುದಿಯಲ್ಲಿ ಗಾಳಿ ಉಳಿದು ಮಕ್ಕಳ ಅನುಮಾನಕ್ಕೆ ಪುಷ್ಟಿ ಸಿಗುತ್ತದೆ. ‘ಗಾಳಿ’ ಎಂದವರನ್ನು ಇನ್ನು ಮುಂದೆ ಒಂದೇ ಗುಂಪಿಗೆ ಹಾಕದಿರಲು ಇದೇ ಕಾರಣ. ಯಾವ ಹೊತ್ತಿನ ಗುಳ್ಳೆ ಎಂದು ಕೇಳುವ ಉಪಪ್ರಶ್ನೆ ಸೇರಿಸಿದ್ದೇವೆ.

ಪ್ರಯೋಗವನ್ನು ಪರೀಕ್ಷೆಗೆ ಮೊದಲು ತೋರಿಸಬೇಕೋ ನಂತರವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಮತ ನಂತರಕ್ಕೆ. ಇಬ್ಬರು ಮೊದಲು ಎನ್ನುತ್ತಿದ್ದಾರೆ, ನಾಲ್ಕನೆಯವರು ಎರಡು ತರಗತಿಗಳಲ್ಲಿ ಎರಡೂ ಬಗೆಯಲ್ಲಿ ಮಾಡಿ ನೋಡುತ್ತೇನೆ ಎಂದಿದ್ದಾರೆ. ಅವರ ಘಟಕ ಎಲ್ಲರಿಗಿಂತ ಮೊದಲು ಮುಗಿಯುವುದರಿಂದ ಅವರ ಉತ್ತರಪತ್ರಿಕೆಗಳು ಬರುವವರೆಗೆ ಉಳಿದವರು ಕಾಯುತ್ತಿದ್ದೇವೆ.