ಬಾಳೆ ಮೀನಿಗೆ ಮುಳ್ಳಿಲ್ಲವೇ?

ಯಾದಗಿರಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಮೀನುಗಳ ವರ್ಗೀಕರಣವನ್ನು ಪಾಠ ಮಾಡುವಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ: “ಸರ್, ಬಾಳಿ ಮೀನಿಗಿ ಹುರುಪೀನೂ ಇಲ್ಲ, ಮುಳ್ಳೂ ಇಲ್ಲ, ಅದು ಮೃದ್ವಸ್ಥಿ ಮೀನೇನ್ರಿ?” ಮೃದ್ವಸ್ಥಿ ಮೀನೆಂದರೆ ಗಟ್ಟಿ ಮೂಳೆಯ ಬದಲು ಮೆದು ಎಲುಬಿನ ಹಂದರವಿರುವ ಮೀನು; ಮೂಳೆಯ ಹಂದರವಿರುವುದು ಅಸ್ಥಿಮೀನು. ಭೀಮಾ ನದಿಯ ಮೀನು ತಿಂದು ಬೆಳೆದ ಮಕ್ಕಳಿಗೆ ಈ ಸಂದೇಹ ಬರುವುದು ಸಹಜ, ಮಾರುವವರೂ ಅದನ್ನು ಮುಳ್ಳಿಲ್ಲದ ಮೀನೆಂದೇ ಕೂಗುತ್ತಾರೆ.

ಈ ಸಲ ಮಾತಿನಲ್ಲಿ ಉತ್ತರಿಸದೆ, ಸಂತೆಯಿಂದ ಒಂದು ಬಾಳೆ ಮೀನನ್ನು ತಂದು ಪ್ರಯೋಗಾಲಯದ ಟ್ರೇಯಲ್ಲಿಟ್ಟೆ. ನುಣುಪಾದ ಮೈ, ಬಾಯಿಯ ಬದಿಯಲ್ಲಿ ಉದ್ದನೆಯ ಮೀಸೆ. ಕೆನ್ನೆಯ ಮೇಲಿನ ಗಟ್ಟಿ ಮುಚ್ಚಳವನ್ನು ಎತ್ತಿದಾಗ ಒಳಗೆ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಜೋಡಿಸಿದ ಕೆಂಪು ಕಿವಿರುಗಳು ಕಂಡವು. ಕಿವಿರಿಗೆ ಹೀಗೆ ಎಲುಬಿನ ಮುಚ್ಚಳವಿರುವುದು ಅಸ್ಥಿಮೀನಿನ ಗುರುತು. ಸೀಳಿ ನೋಡಿದರೆ ಬೆನ್ನೆಲುಬು ಅಪ್ಪಟ ಮೂಳೆಯೇ. ರೋಹುವಿನ ಮಾಂಸದಲ್ಲಿ ಹುದುಗಿರುವ, ತಿನ್ನುವಾಗ ಗಂಟಲಿಗೆ ಸಿಕ್ಕಿಕೊಳ್ಳುವ ಕವಲು ಮುಳ್ಳುಗಳು ಇದರಲ್ಲಿಲ್ಲ, ಅಷ್ಟೇ. ಹುರುಪೆ ಇಲ್ಲದಿರುವುದು ಬೆಕ್ಕುಮೀನುಗಳ ಗುಂಪಿನ ಲಕ್ಷಣವೇ ಹೊರತು ಮೃದ್ವಸ್ಥಿಯ ಸಾಕ್ಷಿಯಲ್ಲ.

ಅದರ ಪಕ್ಕದಲ್ಲೇ ನಿಜವಾದ ಮೃದ್ವಸ್ಥಿ ಮೀನೊಂದನ್ನು, ಜಾಡಿಯಲ್ಲಿ ಕಾಪಿಟ್ಟ ಪುಟ್ಟ ಶಾರ್ಕನ್ನು ಇಟ್ಟೆ. ಅದರ ಕಿವಿರಿಗೆ ಮುಚ್ಚಳವಿಲ್ಲ. ಎರಡೂ ಬದಿಯಲ್ಲಿ ಐದೈದು ಸೀಳುಗಳು ಬರಿದಾಗಿ ಕಾಣುತ್ತವೆ. ತಲೆಯಿಂದ ಬಾಲದ ಕಡೆಗೆ ಬೆರಳಾಡಿಸಿದರೆ ನಯವೆನಿಸುವ ಚರ್ಮ, ಹಿಮ್ಮುಖವಾಗಿ ಸವರಿದರೆ ಉಪ್ಪುಕಾಗದದಂತೆ ಒರಟಾಗುತ್ತದೆ, ಏಕೆಂದರೆ ಅದರ ಹುರುಪೆಗಳು ರಚನೆಯಲ್ಲಿ ಹಲ್ಲುಗಳನ್ನೇ ಹೋಲುತ್ತವೆ. ನೀರಿನಲ್ಲಿ ತೇಲಲು ಗಾಳಿಚೀಲವಿಲ್ಲದ ಶಾರ್ಕಿಗೆ ಎಣ್ಣೆ ತುಂಬಿದ ದೊಡ್ಡ ಯಕೃತ್ತು ನೆರವಾಗುತ್ತದೆ. ತೊರಕೆ ಮೀನುಗಳೂ ಇದೇ ಬಳಗದವು. ಇವುಗಳ ದೂರದ ನೆಂಟನಾದ ಕೈಮೀರಾದ ಕಿವಿರಿಗೆ ಮಾತ್ರ ಚರ್ಮದ ಹೊದಿಕೆಯೊಂದಿದೆ.

ಅಸ್ಥಿಮೀನುಗಳಲ್ಲಿಯೂ ಎರಡು ಕವಲುಗಳಿವೆ. ರೋಹು, ಕಟ್ಲಾ, ಬಾಳೆ ಎಲ್ಲವೂ ಕಡ್ಡಿರೆಕ್ಕೆಯವು. ಇನ್ನೊಂದು ಮಾಂಸಲ ರೆಕ್ಕೆಯವುಗಳ ಕವಲು. ಅಳಿದೇ ಹೋಗಿದೆಯೆಂದು ಭಾವಿಸಿದ್ದ ಸೀಲಕಾಂತ್ 1938ರಲ್ಲಿ ದಕ್ಷಿಣ ಆಫ್ರಿಕಾದ ಬಳಿ ಜೀವಂತವಾಗಿ ಬಲೆಗೆ ಬಿದ್ದಾಗ ಈ ಕವಲು ಪ್ರಸಿದ್ಧವಾಯಿತು. ಇದೇ ಕವಲಿನ ಶ್ವಾಸಕೋಶ ಮೀನು, ವಂಶದ ಲೆಕ್ಕದಲ್ಲಿ ರೋಹುವಿಗಿಂತ ನಮಗೇ ಹತ್ತಿರದ್ದು ಎಂದಾಗ ತರಗತಿಯೆಲ್ಲ ಕ್ಷಣಕಾಲ ನಿಶ್ಶಬ್ದವಾಯಿತು.

ಮೃದ್ವಸ್ಥಿ ಮೊದಲು, ಮೂಳೆ ಆಮೇಲೆ ಎಂದು ನಾನೂ ಬಹಳ ಕಾಲ ಕಲಿಸಿದ್ದೇನೆ. ಮಂಗೋಲಿಯಾದಲ್ಲಿ ಸಿಕ್ಕ, ಸುಮಾರು 41 ಕೋಟಿ ವರ್ಷ ಹಳೆಯದಾದ ಮಿಂಜಿನಿಯಾ ಎಂಬ ಮೀನಿನ ತಲೆಬುರುಡೆಯಲ್ಲಿ ಒಳಮೂಳೆ (ಮೃದ್ವಸ್ಥಿಯ ಒಳಗೆ ರೂಪುಗೊಳ್ಳುವ ಮೂಳೆ) ಇರುವುದು 2020ರಲ್ಲಿ ಪ್ರಕಟವಾದ ಬಳಿಕ, ಶಾರ್ಕಿನ ಪೂರ್ವಜರಿಗೂ ಮೂಳೆ ಇದ್ದು, ಮುಂದೆ ಅದು ಕಳೆದುಹೋಗಿರಬಹುದೆಂಬ ವಾದಕ್ಕೆ ಬಲ ಬಂದಿದೆ. ಹಾಗಾಗಿ ಈ ವರ್ಷ ಬೋರ್ಡಿನ ಮೇಲೆ ಎರಡನ್ನೂ ಮೇಲು-ಕೆಳಗಿನ ಮೆಟ್ಟಿಲುಗಳಾಗಿ ಬರೆಯದೆ, ಒಂದೇ ಬುಡದಿಂದ ಒಡೆದ ಜೋಡಿ ಕೊಂಬೆಗಳಾಗಿ ಬರೆದೆ.